ಹೆದ್ದಾರಿ ನುಂಗಿದ ಊರು, ಹೆದ್ದಾರಿಯ ಬದಿಯಲ್ಲೇ

ಸೂರ್ಯ ಮುಳುಗಿದ್ದಾನೆ, ಕತ್ತಲು ಇನ್ನೂ ಇಳಿದಿಲ್ಲ. ಕೆಂಪು ಬಂಡೆಬೆಟ್ಟದ ನೆತ್ತಿಗೆ ಮಾತ್ರ ಚೂರು ಬೆಳಕು ಅಂಟಿಕೊಂಡಿದೆ. ಬೆಟ್ಟದ ಬುಡದಲ್ಲಿ ಒಂದೇ ಬೀದಿಯ ಊರು. ಪೆಟ್ರೋಲ್ ಬಂಕಿನಂತೆ ಕಾಣುವ ಒಂದು ಹೋಟೆಲು, ಕಾರಿಗೆ ಬಣ್ಣ ಬಳಿಯುವ ಒಂದು ಅಂಗಡಿ, ಟೈರಿನ ಮಳಿಗೆ, ರಸ್ತೆ ರಿಪೇರಿಯ ಕಿತ್ತಳೆ ಕೋನುಗಳನ್ನು ಹತ್ತಾಳೆತ್ತರಕ್ಕೆ ಹಿಗ್ಗಿಸಿದಂತಿರುವ ಗುಡಿಸಲುಗಳು. ಬೀದಿಯ ಇಕ್ಕೆಲದಲ್ಲಿ ಜನ ಕಾಯುತ್ತಿದ್ದಾರೆ. ಅಪ್ಪನ ಹೆಗಲೇರಿದ ಕೂಸುಗಳಿವೆ. ಬೇಸಿಗೆ ಕಳೆಯಲು ಮಗಳ ಮನೆಗೆ ಬಂದು, ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡ ನಮ್ಮ ಕಡೆಯ ಅಜ್ಜಿಯರೂ ಅಲ್ಲಿ ಅಪರೂಪವಲ್ಲ.

ಇದ್ದಕ್ಕಿದ್ದಂತೆ ಎಲ್ಲಿಂದಲೋ ಒಂದು ಹಳೆಯ ಹಾಡು. 1954ರ ‘ಶ್-ಬೂಮ್’. ಅದರ ತಾಳಕ್ಕೆ ಒಂದೊಂದೇ ಅಂಗಡಿಯ ನಿಯಾನ್ ದೀಪ ಹೊತ್ತಿಕೊಳ್ಳುತ್ತದೆ. ಗುಲಾಬಿ, ಹಸಿರು, ನೀಲಿ ಗೆರೆಗಳು ಗೋಡೆಯ ಅಂಚಿನಗುಂಟ ಓಡುತ್ತವೆ. ಹಾಡು ಮುಗಿಯುವ ಹೊತ್ತಿಗೆ ಬಡಕಲು ಬೀದಿ ತೇರು ಹೊರಟ ರಥಬೀದಿಯಾಗಿರುತ್ತದೆ. ಜನ ಚಪ್ಪಾಳೆ ತಟ್ಟುತ್ತಾರೆ. ದೀಪ ಹಾಕಿದ್ದಕ್ಕೆ ಚಪ್ಪಾಳೆ!

ಅಮೆರಿಕದ ಯಾವ ಭೂಪಟದಲ್ಲೂ ಈ ಊರಿಲ್ಲ. ಹೆಸರು ರೇಡಿಯೇಟರ್ ಸ್ಪ್ರಿಂಗ್ಸ್. ಹುಟ್ಟಿದ್ದು 2006ರಲ್ಲಿ ತೆರೆಕಂಡ ಪಿಕ್ಸಾರ್ ಸಂಸ್ಥೆಯ ‘ಕಾರ್ಸ್’ ಅನಿಮೇಷನ್ ಚಿತ್ರದಲ್ಲಿ. 2012ರ ಜೂನ್ 15ರಂದು ಅದು ಕ್ಯಾಲಿಫೋರ್ನಿಯಾದ ಅನಹೈಮ್ ನಗರದ ಡಿಸ್ನಿ ಕ್ಯಾಲಿಫೋರ್ನಿಯಾ ಅಡ್ವೆಂಚರ್ ಪಾರ್ಕಿನೊಳಗೆ ‘ಕಾರ್ಸ್ ಲ್ಯಾಂಡ್’ ಎಂಬ ಹೆಸರಿನಲ್ಲಿ ಕಬ್ಬಿಣ, ಸಿಮೆಂಟುಗಳಲ್ಲಿ ಎದ್ದು ನಿಂತಿತು.

ಚಿತ್ರದ ನಾಯಕ, ಲೈಟ್ನಿಂಗ್ ಮೆಕ್‌ಕ್ವೀನ್ ಎಂಬ ಕೆಂಪು ರೇಸ್ ಕಾರು, ನಮ್ಮ ಮಕ್ಕಳಿಗೂ ಪರಿಚಿತ. ಶಾಲೆಯ ಚೀಲ, ನೀರಿನ ಬಾಟಲಿ, ಪೆನ್ಸಿಲ್ ಡಬ್ಬಿಗಳ ಮೇಲೆ ಹಲ್ಲು ಕಿರಿಯುವ ಆ ಕಾರನ್ನು ಎಲ್ಲಾದರೂ ಕಂಡೇ ಇರುತ್ತೇವೆ. ಹಾಗಾಗಿ ‘ಮಕ್ಕಳ ಸಿನಿಮಾ, ಮಕ್ಕಳ ಪಾರ್ಕು’ ಎಂದು ಪಕ್ಕಕ್ಕಿಡುವುದು ಸುಲಭ. ಆದರೆ ದಿನವೂ ಸಂಜೆ ಹೊತ್ತಿಕೊಳ್ಳುವ ಆ ದೀಪಗಳ ಹಿಂದೆ ದೊಡ್ಡವರ ಕಥೆಯೊಂದಿದೆ. ಅದು ಊರುಗಳು ಸತ್ತ ಕಥೆ.

ಹತ್ತು ನಿಮಿಷ ಉಳಿಸಲು

‘ಕಾರ್ಸ್’ ಚಿತ್ರದಲ್ಲಿ ಒಬ್ಬ ಮನುಷ್ಯನೂ ಇಲ್ಲ. ಎಲ್ಲವೂ ಕಾರುಗಳೇ. ದೊಡ್ಡ ರೇಸಿಗಾಗಿ ಕ್ಯಾಲಿಫೋರ್ನಿಯಾಕ್ಕೆ ಹೊರಟ ಮೆಕ್‌ಕ್ವೀನ್ ರಾತ್ರಿ ತನ್ನನ್ನು ಹೊತ್ತ ಲಾರಿಯಿಂದ ಜಾರಿ ಬಿದ್ದು, ದಾರಿ ತಪ್ಪಿ, ಎಲ್ಲರೂ ಮರೆತ ಊರೊಂದಕ್ಕೆ ನುಗ್ಗುತ್ತಾನೆ. ಅಲ್ಲಿನ ರಸ್ತೆಯನ್ನು ಕಿತ್ತುಹಾಕುತ್ತಾನೆ. ಕಿತ್ತವನೇ ಡಾಂಬರು ಹಾಕಿಕೊಡಲಿ ಎಂದು ಊರಿನ ನ್ಯಾಯಾಧೀಶ ತೀರ್ಪು ಕೊಡುತ್ತಾನೆ. ರಸ್ತೆ ಹಾಕುತ್ತಾ ಹಾಕುತ್ತಾ ಊರು ಅವನಿಗೆ ಹತ್ತಿರವಾಗುತ್ತದೆ.

ನಡುವೆ ಸ್ಯಾಲಿ ಎಂಬ ನೀಲಿ ಪೋರ್ಶೆ ಕಾರು ಅವನನ್ನು ಬೆಟ್ಟದ ಅಂಚಿಗೆ ಕರೆದೊಯ್ದು ಕೆಳಗಿನ ಕಣಿವೆ ತೋರಿಸುತ್ತಾಳೆ. ಒಂದು ಕಾಲಕ್ಕೆ ಎಲ್ಲ ಕಾರುಗಳೂ ಈ ಊರಿನ ನಡುಬೀದಿಯಲ್ಲೇ ಹಾದು ಹೋಗುತ್ತಿದ್ದವು. ಆಮೇಲೆ ಆಚೆ ಬದಿಯಲ್ಲಿ ಇಂಟರ್‌ಸ್ಟೇಟ್-40 ಬಂತು. ಬೆಟ್ಟವನ್ನು ಬಳಸದೆ, ಸೀಳಿಕೊಂಡು ಹೋಯಿತು. ಪ್ರಯಾಣದಲ್ಲಿ ಉಳಿದದ್ದು ಹತ್ತು ನಿಮಿಷ, ಹೋದದ್ದು ಊರು. ಮಕ್ಕಳು ಪಾಪ್‌ಕಾರ್ನ್ ತಿನ್ನುತ್ತಾ ನೋಡುವ ಈ ಎರಡು ನಿಮಿಷದ ದೃಶ್ಯದಲ್ಲಿ ಅಮೆರಿಕದ ಅರ್ಧ ಶತಮಾನದ ಸಾರಿಗೆ ಚರಿತ್ರೆಯಿದೆ.

ಆ ಚರಿತ್ರೆಯ ಹೆಸರು ರೂಟ್ 66. 1926ರ ನವೆಂಬರ್‌ನಲ್ಲಿ ಗುರುತಿಸಿದ ಈ ರಸ್ತೆ ಷಿಕಾಗೋದಿಂದ ಹೊರಟು, ಎಂಟು ರಾಜ್ಯ ದಾಟಿ, ಸುಮಾರು 3,900 ಕಿಲೋಮೀಟರ್ ಸಾಗಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ಕಡಲ ತೀರ ಮುಟ್ಟುತ್ತಿತ್ತು. 1930ರ ದಶಕದಲ್ಲಿ ಬರ, ಧೂಳುಗಾಳಿಗಳಿಗೆ ಹೊಲ ಕಳೆದುಕೊಂಡ ರೈತರು ಗಂಟುಮೂಟೆ ಕಟ್ಟಿ ಪಶ್ಚಿಮಕ್ಕೆ ಹೋದದ್ದು ಇದೇ ದಾರಿಯಲ್ಲಿ. ಅವರ ಕಥೆ ಬರೆದ ಜಾನ್ ಸ್ಟೈನ್‌ಬೆಕ್ ಇದನ್ನು ತಾಯಿ ರಸ್ತೆ ಎಂದು ಕರೆದ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕೈಯಲ್ಲಿ ಕಾಸು, ಮನೆಯಲ್ಲಿ ಕಾರು ಬಂದ ಮಧ್ಯಮ ವರ್ಗ ರಜೆಗೆ ಹೊರಟದ್ದೂ ಇದರಲ್ಲೇ. ರಸ್ತೆಯುದ್ದಕ್ಕೂ ಬಂಕು, ಹೋಟೆಲು, ಮೋಟೆಲುಗಳು ಹುಟ್ಟಿಕೊಂಡವು.

ವೇಗವಾಗಿ ಬರುವವನ ಕಣ್ಣಿಗೆ ಬೀಳುವುದು ಹೇಗೆ? ನಿಯಾನ್ ಫಲಕ ಹುಟ್ಟಿದ್ದು ಅಂದಕ್ಕಲ್ಲ, ಹೊಟ್ಟೆಪಾಡಿಗೆ. ಕತ್ತಲ ಮರುಭೂಮಿಯಲ್ಲಿ ಮೈಲಿ ದೂರದಿಂದಲೇ ಕಾಣಬೇಕು, ಚಾಲಕ ಬ್ರೇಕಿನ ಮೇಲೆ ಕಾಲಿಡಬೇಕು. ಪಕ್ಕದವನ ಫಲಕಕ್ಕಿಂತ ನನ್ನದು ಒಂದು ಗೇಣು ಎತ್ತರ ಎಂಬ ಪೈಪೋಟಿ ಊರೂರನ್ನು ಬೆಳಗಿತು.

1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಹೊಸ ಹೆದ್ದಾರಿ ಕಾಯ್ದೆಗೆ ಸಹಿ ಹಾಕಿದರು. ಸಿಗ್ನಲ್ ಇಲ್ಲದ, ಊರುಗಳನ್ನು ಹೊಗದ ಅಗಲ ರಸ್ತೆಗಳು ಒಂದೊಂದಾಗಿ ಹಳೆಯ ದಾರಿಯನ್ನು ತುಂಡು ತುಂಡಾಗಿ ನುಂಗಿದವು. 1984ರ ಅಕ್ಟೋಬರ್‌ನಲ್ಲಿ ಅರಿಜೋನಾದ ವಿಲಿಯಮ್ಸ್ ಊರಿಗೂ ಬೈಪಾಸ್ ಆಯಿತು. ಸರದಿಯಲ್ಲಿ ಅದೇ ಕೊನೆಯದು. ಮರುವರ್ಷ ರೂಟ್ 66 ಎಂಬ ಸಂಖ್ಯೆಯನ್ನೇ ಸರ್ಕಾರಿ ಪಟ್ಟಿಯಿಂದ ತೆಗೆದುಹಾಕಿದರು.

ಇದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 2023ರಲ್ಲಿ ತೆರೆದ ಮೇಲೆ ಹಳೆ ರಸ್ತೆಯ ಚನ್ನಪಟ್ಟಣದ ಗೊಂಬೆ ಅಂಗಡಿ, ಮದ್ದೂರಿನ ವಡೆ ಹೋಟೆಲುಗಳ ಮುಂದೆ ನಿಂತು ಮಾತಾಡಿಸಿದವರಿಗೆ ಸ್ಯಾಲಿಯ ಮಾತು ಗೊತ್ತು.

ಕ್ಷೌರಿಕ ಹೇಳಿದ್ದು

ಚಿತ್ರದ ನಿರ್ದೇಶಕ ಜಾನ್ ಲ್ಯಾಸೆಟರ್. ಕೆಲಸದ ಒತ್ತಡದಲ್ಲಿ ಮನೆಯವರನ್ನೇ ಮರೆತಿದ್ದೇನೆ ಅನ್ನಿಸಿ, 2000ದ ಸುಮಾರಿಗೆ ಹೆಂಡತಿ ಮಕ್ಕಳನ್ನು ಮನೆಯಂಥದೇ ಒಂದು ವಾಹನದಲ್ಲಿ ಕೂರಿಸಿಕೊಂಡು ಎರಡು ತಿಂಗಳು ದೇಶ ಸುತ್ತಿದರು. ಹೆದ್ದಾರಿ ಬಿಟ್ಟು ಹಳೆ ದಾರಿಗಳಲ್ಲಿ ಹೋಗಬೇಕೆಂಬುದಷ್ಟೇ ನಿಯಮ. ಆ ಸುತ್ತಾಟದಲ್ಲಿ ಚಿತ್ರದ ಬೀಜವಿತ್ತು. ಮುಂದೆ ಪಿಕ್ಸಾರ್ ತಂಡ ರೂಟ್ 66ರ ಇತಿಹಾಸಕಾರ ಮೈಕೆಲ್ ವಾಲಿಸ್ ಅವರನ್ನು ದಾರಿ ತೋರಿಸಲು ಕರೆದುಕೊಂಡು, ಬಾಡಿಗೆ ಕ್ಯಾಡಿಲಾಕ್ ಕಾರುಗಳಲ್ಲಿ ಅದೇ ರಸ್ತೆಗೆ ಇಳಿಯಿತು. ವಾಲಿಸ್ ಅವರ ದನಿ ತಂಡಕ್ಕೆ ಎಷ್ಟು ಹಿಡಿಸಿತೆಂದರೆ ಚಿತ್ರದಲ್ಲಿ ಊರಿನ ಪೊಲೀಸ್ ಕಾರಿಗೆ ಅವರದೇ ಕಂಠ.

ಅರಿಜೋನಾದ ಸೆಲಿಗ್‌ಮನ್ ಎಂಬ ಸಣ್ಣ ಊರಲ್ಲಿ ಅವರಿಗೆ ಏಂಜಲ್ ಡೆಲ್ಗಡಿಯೋ ಸಿಕ್ಕರು. ವೃತ್ತಿಯಲ್ಲಿ ಕ್ಷೌರಿಕ. 1978ರ ಸೆಪ್ಟೆಂಬರ್ 22ರಂದು ಐ-40 ತೆರೆದ ಮಧ್ಯಾಹ್ನವನ್ನು ಅವರು ವಿವರಿಸಿದರು. ಬೆಳಿಗ್ಗೆವರೆಗೆ ರಸ್ತೆ ದಾಟುವುದೇ ಕಷ್ಟವಾಗಿದ್ದ ಊರು ಅದೇ ದಿನ ಬಿಕೋ ಎನ್ನತೊಡಗಿತ್ತು.

ಡೆಲ್ಗಡಿಯೋ ಸುಮ್ಮನೆ ಕೂರಲಿಲ್ಲ. 1987ರಲ್ಲಿ ಊರವರನ್ನು ಸೇರಿಸಿ ಸಂಘ ಕಟ್ಟಿ, ಹಳೆ ರಸ್ತೆಯನ್ನು ‘ಐತಿಹಾಸಿಕ’ ಎಂದು ಗುರುತಿಸುವಂತೆ ರಾಜ್ಯ ಸರ್ಕಾರದ ಬೆನ್ನುಬಿದ್ದು ಸಾಧಿಸಿಕೊಂಡರು. ಇಂದು ನಕ್ಷೆ ಹಿಡಿದು ರೂಟ್ 66 ಹುಡುಕಿ ಬರುವ ವಿದೇಶಿ ಪ್ರವಾಸಿಗಳು ಅವರ ಅಂಗಡಿಯ ಕುರ್ಚಿಯ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಚಿತ್ರದಲ್ಲಿ ಆ ಕ್ಷೌರಿಕನಿಲ್ಲ. ಕಾರಿಗೆ ಕೂದಲಿಲ್ಲವಲ್ಲ! ಆದರೆ ಆ ಮಧ್ಯಾಹ್ನ ಇದೆ.

ಚಿತ್ರದಲ್ಲಿ ಕಾಣುವುದೆಲ್ಲ ಹೀಗೇ ಎಲ್ಲಿಂದಲೋ ಹೆಕ್ಕಿ ತಂದದ್ದು. ರಮೋನನ ಬಣ್ಣದಂಗಡಿಯ ಗೋಪುರ ನೋಡಿದರೆ ಟೆಕ್ಸಾಸ್‌ನ ಶ್ಯಾಮ್‌ರಾಕ್ ಊರಲ್ಲಿ 1936ರಲ್ಲಿ ಕಟ್ಟಿದ ಪೆಟ್ರೋಲ್ ಬಂಕು ನೆನಪಾಗಬೇಕು. ಬೆಟ್ಟಗಳ ಸಾಲು ಬಂದದ್ದು ಅದೇ ರಾಜ್ಯದ ಅಮರಿಲ್ಲೊ ಬಳಿಯ ‘ಕ್ಯಾಡಿಲಾಕ್ ರಾಂಚ್’ನಿಂದ. ಅಲ್ಲಿ 1974ರಲ್ಲಿ ಕಲಾವಿದರ ಗುಂಪೊಂದು ಹತ್ತು ಕ್ಯಾಡಿಲಾಕ್ ಕಾರುಗಳನ್ನು ಮೂಗು ಕೆಳಗಾಗಿ ಹೊಲದಲ್ಲಿ ನೆಟ್ಟಿತ್ತು. ಕೊಕ್ಕೆ ಹಲ್ಲಿನ ಟೋಯಿಂಗ್ ಲಾರಿ ಮೇಟರ್‌ಗೆ ಮಾದರಿ ಕ್ಯಾನ್ಸಾಸ್‌ನ ಗಲೀನಾದಲ್ಲಿ ತುಕ್ಕು ಹಿಡಿದು ನಿಂತಿದ್ದ ಒಂದು ಹಳೆ ಲಾರಿ. ಸ್ಯಾಲಿಯ ಸ್ವಭಾವಕ್ಕೆ ಓಕ್ಲಹೋಮದ ಸ್ಟ್ರೌಡ್‌ನಲ್ಲಿ ‘ರಾಕ್ ಕೆಫೆ’ ನಡೆಸುವ ಹೆಣ್ಣುಮಗಳು ಪ್ರೇರಣೆ.

ಇನ್ನು ಕೋನು ಆಕಾರದ ಮೋಟೆಲು. ಅದರ ಮೂಲ, ಅಮೆರಿಕದ ಮೂಲನಿವಾಸಿಗಳ ಡೇರೆಯ ಆಕಾರದಲ್ಲಿ ಕಾಂಕ್ರೀಟಿನ ಕೋಣೆ ಕಟ್ಟಿದ ವಿಗ್‌ವಾಮ್ ಮೋಟೆಲುಗಳು. ಒಟ್ಟು ಏಳು ಕಡೆ ಇದ್ದವು, ಉಳಿದಿರುವುದು ಮೂರು. ಅದಕ್ಕೆ ಮತ್ತೆ ಬರೋಣ.

ಪಾರ್ಕಿಂಗ್ ಜಾಗದಲ್ಲಿ ಎದ್ದ ಬೆಟ್ಟ

ಚಿತ್ರವೇನೋ ಗೆದ್ದಿತು. ಆದರೆ ಊರನ್ನೇ ಕಟ್ಟುವ ಹಟ ಏಕೆ ಬಂತು? ಇದಕ್ಕೆ ಡಿಸ್ನಿಯ ಒಂದು ಸೋಲು ಕಾರಣ.

ಅನಹೈಮ್‌ನ ಮೂಲ ಡಿಸ್ನಿಲ್ಯಾಂಡ್ 1955ರದು. ಅದರ ಎದುರಿಗಿದ್ದ ವಿಶಾಲ ಪಾರ್ಕಿಂಗ್ ಮೈದಾನದ ಮೇಲೆ 2001ರ ಫೆಬ್ರುವರಿಯಲ್ಲಿ ಎರಡನೆಯ ಪಾರ್ಕು, ಕ್ಯಾಲಿಫೋರ್ನಿಯಾ ಅಡ್ವೆಂಚರ್, ತೆರೆಯಿತು. ವಿಷಯ: ಕ್ಯಾಲಿಫೋರ್ನಿಯಾ ರಾಜ್ಯ. ಕ್ಯಾಲಿಫೋರ್ನಿಯಾದಲ್ಲೇ ನಿಂತು ಕ್ಯಾಲಿಫೋರ್ನಿಯಾದ ನಕಲು ನೋಡಲು ದುಡ್ಡು ಕೊಡುವವರು ಯಾರು? ಕಡಲ ತೀರ ಬೇಕಾದವರಿಗೆ ಅಸಲಿ ಕಡಲೇ ಅರ್ಧ ಗಂಟೆಯ ದಾರಿ. ಜನ ಮೂಗು ಮುರಿದರು. ಕೊನೆಗೆ 2007ರಲ್ಲಿ ಡಿಸ್ನಿ ಸುಮಾರು 110 ಕೋಟಿ ಡಾಲರ್ ಸುರಿದು ಪಾರ್ಕನ್ನೇ ತಿದ್ದಲು ಹೊರಟಿತು. ಆ ತಿದ್ದುಪಡಿಯ ಕಳಶ ಕಾರ್ಸ್ ಲ್ಯಾಂಡ್.

ಡಿಸ್ನಿಯಲ್ಲಿ ಪಾರ್ಕು ರೂಪಿಸುವವರನ್ನು ‘ಇಮ್ಯಾಜಿನಿಯರ್’ ಎನ್ನುತ್ತಾರೆ, ಕಲ್ಪನೆಯನ್ನೂ ಎಂಜಿನಿಯರಿಂಗನ್ನೂ ಕಸಿ ಮಾಡಿದ ಪದ. ಅವರಲ್ಲೊಬ್ಬರಾದ ಕೆವಿನ್ ರಾಫರ್ಟಿ ಕ್ಯಾಲಿಫೋರ್ನಿಯಾದವರ ಕಾರಿನ ಹುಚ್ಚನ್ನೇ ವಿಷಯವಾಗಿಸಿದ ಒಂದು ವಿಭಾಗವನ್ನು ಮೊದಲೇ ಕನಸಿದ್ದರು. ಪಿಕ್ಸಾರ್‌ನಲ್ಲಿ ಅಂಥದೇ ಚಿತ್ರ ತಯಾರಾಗುತ್ತಿದೆ ಎಂದು ತಿಳಿದಾಗ ಎರಡು ಹಳ್ಳ ಸೇರಿ ಹೊಳೆಯಾಯಿತು. 2006ರಲ್ಲಿ ಡಿಸ್ನಿ ಪಿಕ್ಸಾರನ್ನು 740 ಕೋಟಿ ಡಾಲರಿಗೆ ಕೊಂಡ ಮೇಲಂತೂ ಲ್ಯಾಸೆಟರ್ ಇಮ್ಯಾಜಿನಿಯರುಗಳಿಗೂ ಸಲಹೆಗಾರರಾದರು. ತೆರೆಯ ಮೇಲೆ ಊರು ಕಟ್ಟಿದವರೇ ನೆಲದ ಮೇಲೂ ಉಸ್ತುವಾರಿಗೆ ನಿಂತಂತಾಯಿತು.

ಜಾಗ 12 ಎಕರೆ. ಅದೂ ಪಾರ್ಕಿಂಗ್ ನೆಲವೇ. ಕಾರು ನಿಲ್ಲಿಸುತ್ತಿದ್ದ ಕಡೆ ಕಾರುಗಳ ಊರು.

ಮೊದಲು ಬೇಕಾದದ್ದು ಬೆಟ್ಟ. ಊರು ನಂಬುವಂತಾಗಬೇಕಾದರೆ ಅನಹೈಮ್‌ನ ಹೋಟೆಲುಗಳು, ವಿದ್ಯುತ್ ತಂತಿಗಳು ಕಣ್ಣಿಗೆ ಬೀಳಬಾರದು. ಹಾಗಾಗಿ ಬೆಟ್ಟ ಅಲಂಕಾರವೂ ಹೌದು, ಪರದೆಯೂ ಹೌದು. ಕಲಾವಿದರು ಮೊದಲು ಅಳತೆಗೆ ತಕ್ಕ ಪುಟ್ಟ ಮಾದರಿಯನ್ನು ಕೆತ್ತುತ್ತಾರೆ. ಅದನ್ನು ಕಂಪ್ಯೂಟರಿಗೆ ಇಳಿಸಿ, ಅದರ ಉಬ್ಬುತಗ್ಗಿನಂತೆ ಕಬ್ಬಿಣದ ಸರಳುಗಳನ್ನು ಯಂತ್ರದಿಂದ ಬಗ್ಗಿಸುತ್ತಾರೆ. ಸರಳಿನ ಪಂಜರದ ತುಂಡುಗಳನ್ನು ಉಕ್ಕಿನ ಅಸ್ಥಿಪಂಜರಕ್ಕೆ ತೊಡಿಸಿ, ಮೇಲೆ ಸಿಮೆಂಟ್ ಚಿಮ್ಮಿಸುತ್ತಾರೆ. ಸಿಮೆಂಟು ಗಟ್ಟಿಯಾಗುವ ಮುನ್ನ, ಕೆಲವೇ ಗಂಟೆಗಳಲ್ಲಿ, ಕೈಯಿಂದ ಬಿರುಕು, ಪದರ, ಸವೆತಗಳನ್ನು ಕೆತ್ತಬೇಕು. ಕೊನೆಗೆ ಬಣ್ಣ. ಕೋಟಿ ವರ್ಷದ ಗಾಳಿಮಳೆಯ ಕೆಲಸವನ್ನು ಒಂದು ಪಾಳಿಯಲ್ಲಿ ಮುಗಿಸುವ ಗಾರೆಯವರು ಇವರು.

ಅತಿ ಎತ್ತರದ ಶಿಖರ ಸುಮಾರು 125 ಅಡಿ. ದೂರದಿಂದ ನೋಡಿದರೆ ಅರಿಜೋನಾದ ಮರಳುಗಲ್ಲಿನ ಬೆಟ್ಟ. ಕಣ್ಣು ಕಿರಿದಾಗಿಸಿ ನೋಡಿದರೆ, ನೆಟ್ಟಗೆ ನಿಂತ ಕ್ಯಾಡಿಲಾಕ್ ಕಾರುಗಳ ಹಿಂಬದಿಯ ರೆಕ್ಕೆಗಳು! 1957ರಿಂದ 1962ರವರೆಗಿನ ಮಾದರಿಗಳ ರೆಕ್ಕೆ ಆಕಾರವನ್ನು ಒಂದೊಂದು ಶಿಖರಕ್ಕೆ ಕೊಟ್ಟಿದ್ದಾರೆ. ವರ್ಷ ಗುರುತಿಸುವ ಹುಚ್ಚರೂ ಇದ್ದಾರೆ.

ಮೂರನೆಯ ಮಿಣುಕು

ನನಗೆ ಬೆಟ್ಟಕ್ಕಿಂತ ಹೆಚ್ಚು ಇಷ್ಟವಾಗುವುದು ನಡುಬೀದಿಯ ಒಂದು ಹಳದಿ ಸಿಗ್ನಲ್ ದೀಪ. ಚಿತ್ರದಲ್ಲಿ ಫಿಲ್‌ಮೋರ್ ಎಂಬ ಹಳೆ ಫೋಕ್ಸ್‌ವ್ಯಾಗನ್ ವ್ಯಾನು ಒಂದು ರಾತ್ರಿ ಆ ದೀಪವನ್ನೇ ದಿಟ್ಟಿಸುತ್ತಾ, ಪ್ರತಿ ಮೂರನೆಯ ಮಿಣುಕು ಸ್ವಲ್ಪ ನಿಧಾನ ಎನ್ನುತ್ತದೆ. ಮಾಡಲು ಬೇರೆ ಕೆಲಸವಿಲ್ಲದ ಊರಿನ ಮಾತು ಅದು, ನಗುವಿಗೆಂದು ಇಟ್ಟದ್ದು. ಪಾರ್ಕಿಗೆ ಹೋದವರು ಆ ದೀಪದ ಕೆಳಗೆ ಒಂದು ನಿಮಿಷ ನಿಂತು ಎಣಿಸಲಿ. ಮೂರನೆಯ ಮಿಣುಕು ನಿಜಕ್ಕೂ ನಿಧಾನ.

ಸಾವಿರಕ್ಕೊಬ್ಬರು ಗಮನಿಸಬಹುದಾದ ಇಂಥದಕ್ಕೆ ಯಾರೋ ಒಬ್ಬ ಎಂಜಿನಿಯರು ಕೂತು ತಂತಿ ಜೋಡಿಸಿದ್ದಾನೆ. ರಥಬೀದಿಯ ಕಲ್ಲುಕಂಬದ ಹಿಂಬದಿಗೂ ಬಳ್ಳಿ ಕೆತ್ತಿದ ಶಿಲ್ಪಿಯ ಜಾತಿಯವನು. ಥೀಮ್ ಪಾರ್ಕನ್ನು ವ್ಯಾಪಾರವೆಂದು ಬೈಯುವಾಗಲೂ ಈ ಮಿಣುಕನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮನುಷ್ಯರಿಲ್ಲದ ಊರಿಗೆ ಮನುಷ್ಯರನ್ನು ಬಿಟ್ಟದ್ದರ ತೊಡಕುಗಳೂ ತಮಾಷೆಯವು. ಚಿತ್ರದಲ್ಲಿ ಫ್ಲೋ ಎಂಬಾಕೆಯ ‘ವಿ8 ಕೆಫೆ’ಯಲ್ಲಿ ಕಾರುಗಳು ಪಂಪಿನ ಮುಂದೆ ನಿಂತು ಎಣ್ಣೆ ಕುಡಿಯುತ್ತವೆ. ಇಲ್ಲಿ ಪಂಪುಗಳು ಹಾಗೇ ಇವೆ, ಪಕ್ಕದಲ್ಲಿ ಮೇಜು ಹಾಕಿ ಊಟ ಬಡಿಸುತ್ತಾರೆ. ಕೋನು ಮೋಟೆಲಿನಲ್ಲಿ ಮಲಗುವಂತಿಲ್ಲ, ಒಂದೊಂದು ಕೋನೂ ಒಂದೊಂದು ತಿಂಡಿ ಕಿಟಕಿ. ಹಳೆಯ ಸೈನಿಕ ಜೀಪಿನ ಅಂಗಡಿ, ಅದಕ್ಕೆ ಅಂಟಿಕೊಂಡೇ ಹಿಪ್ಪಿ ವ್ಯಾನಿನ ಮನೆ. ಮೆಕ್‌ಕ್ವೀನ್, ಮೇಟರ್ ಆಗಾಗ ಬೀದಿಗೆ ಬಂದು ಬಾಯಿ ಆಡಿಸುತ್ತಾ ಮಾತಾಡುತ್ತವೆ. ಕಾರುಗಳ ಲೋಕದಲ್ಲಿ ನಾವು ಯಾರು, ಇಲ್ಲಿಗೆ ಹೇಗೆ ಬಂದೆವು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಆಟ ಕೆಡುತ್ತದೆ.

ಆಟಿಕೆ ಕಾರಿನ ಗುಟ್ಟು

ಬೀದಿಯ ತುದಿಯಲ್ಲಿ, ಬೆಟ್ಟದ ಒಳಗೂ ಹೊರಗೂ ಹಬ್ಬಿರುವುದು ಮುಖ್ಯ ಸವಾರಿ, ‘ರೇಡಿಯೇಟರ್ ಸ್ಪ್ರಿಂಗ್ಸ್ ರೇಸರ್ಸ್’. ಒಂದು ಕಾರಿಗೆ ಆರು ಜನ. ಮೊದಲ ಅರ್ಧ, ಗುಹೆಯೊಳಗಿನ ನಿಧಾನದ ಪಯಣ. ಊರಿನ ಕಾರುಗಳು ಎದುರಾಗಿ ಮಾತಾಡಿಸುತ್ತವೆ. ಕಣ್ಣುಗಳು ಹೆಡ್‌ಲೈಟಿನಲ್ಲಿಲ್ಲ, ಮುಂಗಾಜಿನಲ್ಲಿವೆ. ಡಿಸ್ನಿಯ 1952ರ ‘ಸೂಸಿ’ ಎಂಬ ಕಿರುಚಿತ್ರದಿಂದ ಬಂದ ಉಪಾಯ ಅದು. ಎರಡನೆಯ ಅರ್ಧದಲ್ಲಿ ಎರಡು ಕಾರುಗಳು ಅಕ್ಕಪಕ್ಕ ಬಂದು ನಿಲ್ಲುತ್ತವೆ, ಬಾವುಟ ಬೀಳುತ್ತದೆ, ಬಯಲಿನಲ್ಲಿ ಓಟ. ಗರಿಷ್ಠ ವೇಗ ಗಂಟೆಗೆ ಸುಮಾರು 64 ಕಿಲೋಮೀಟರ್.

ನಮ್ಮ ಹೊರವರ್ತುಲ ರಸ್ತೆಯಲ್ಲಿ ಬೈಕಿನ ಹುಡುಗರು ಅದಕ್ಕಿಂತ ಜೋರಾಗಿ ಹೋಗುತ್ತಾರೆ, ನಿಜ. ಆದರೆ ತೆರೆದ ಕಾರು, ನೆಲಕ್ಕೆ ಹತ್ತಿರದ ಆಸನ, ಪಕ್ಕದಲ್ಲೇ ಮೂತಿಗೆ ಮೂತಿ ಕೊಟ್ಟು ಓಡುವ ಇನ್ನೊಂದು ಕಾರು, ತಿರುವಿನಲ್ಲಿ ವಾಲುವ ದಾರಿ, ಇವೆಲ್ಲ ಸೇರಿ ವೇಗವನ್ನು ದುಪ್ಪಟ್ಟು ಮಾಡುತ್ತವೆ.

ಒಳಗಿನ ತಂತ್ರ ಹಿಂದೆ ಮಕ್ಕಳು ಆಡುತ್ತಿದ್ದ ಸ್ಲಾಟ್ ಕಾರಿನದೇ. ದಾರಿಯ ನಡುವೆ ಒಂದು ಸೀಳು, ಕಾರಿನ ಹೊಟ್ಟೆಯಿಂದ ಅದರೊಳಗೆ ಇಳಿದ ಒಂದು ತೋಳು. ತೋಳು ಕಾರನ್ನು ದಾರಿ ತಪ್ಪದಂತೆ ಹಿಡಿಯುತ್ತದೆ, ವಿದ್ಯುತ್ತು ಬರುವುದೂ ಆ ಸೀಳಿನೊಳಗಿಂದಲೇ. ಫ್ಲಾರಿಡಾದ ಎಪ್ಕಾಟ್ ಪಾರ್ಕಿನಲ್ಲಿ 1999ರಲ್ಲಿ ತೆರೆದ ‘ಟೆಸ್ಟ್ ಟ್ರ್ಯಾಕ್’ ಸವಾರಿಗೆಂದು ಬೆಳೆಸಿದ ವ್ಯವಸ್ಥೆಯಿದು. ಪ್ರತಿ ಕಾರಿನಲ್ಲೂ ಕಂಪ್ಯೂಟರು, ಮುಂದಿನ ಕಾರು ಹತ್ತಿರವಾದರೆ ತಾನೇ ನಿಲ್ಲುತ್ತದೆ. ರೇಸಿನಲ್ಲಿ ಗೆಲ್ಲುವವರು ಯಾರೆಂಬುದು ಸವಾರರ ಕೈಯಲ್ಲಿಲ್ಲ. ಆದರೂ ಗೆದ್ದ ಕಾರಿನವರು ತಾವೇ ಓಡಿಸಿದಂತೆ ಕೈಯೆತ್ತಿ ಕೂಗುತ್ತಾರೆ.

ಸಾಲು ಮಾತ್ರ ಉದ್ದ. ಗಂಟೆ ಕಾಯುವುದು ಮಾಮೂಲು. ಕಾಯುವವರ ಕಣ್ಣಿಗೆ ಕೆಲಸ ಕೊಡಲು ಸಾಲಿನ ದಾರಿಯಲ್ಲೇ ಊರಿನ ಸ್ಥಳಪುರಾಣ ಹರಡಿದ್ದಾರೆ. ಸ್ಟ್ಯಾನ್ಲಿ ಎಂಬ ಹಳೆಯ ಕಾರು ಮರುಭೂಮಿಯಲ್ಲಿ ಚಿಲುಮೆ ಕಂಡು ನೆಲೆ ನಿಂತದ್ದು, ಎಣ್ಣೆ ಬಾಟಲಿಗಳಿಂದ ಮನೆ ಕಟ್ಟಿದ್ದು, ಹೀಗೆ. ಎಲ್ಲ ಊರಿಗೂ ಒಂದು ಮೂಲಪುರುಷನ ಕಥೆ ಇರಲೇಬೇಕಲ್ಲ.

ಹಾರದ ಟೈರುಗಳು

ಎಲ್ಲವೂ ಗೆಲ್ಲಲಿಲ್ಲ. ಲುಯಿಗಿಯ ಟೈರ್ ಅಂಗಡಿಯ ಹಿಂದೆ ‘ಫ್ಲೈಯಿಂಗ್ ಟೈರ್ಸ್’ ಎಂಬ ಆಟವಿತ್ತು. ನೆಲದಲ್ಲಿ ಸಾವಿರಾರು ತೂತು, ತೂತಿನಿಂದ ಗಾಳಿ, ಗಾಳಿಯ ಮೇಲೆ ತೇಲುವ ದೊಡ್ಡ ಟೈರಿನಲ್ಲಿ ಜನ. ಡಿಸ್ನಿಲ್ಯಾಂಡಿನಲ್ಲಿ 1961ರಿಂದ 1966ರವರೆಗೆ ಇದ್ದ ಹಾರುವ ತಟ್ಟೆಗಳ ಪುನರ್ಜನ್ಮ. ದೇಹ ಯಾವ ಕಡೆ ವಾಲಿಸಿದರೆ ಆ ಕಡೆ ಟೈರು ಸರಿಯಬೇಕಿತ್ತು. ಕಾಗದದ ಮೇಲೆ ಸೊಗಸು. ಬಂದವರಲ್ಲಿ ಎಷ್ಟೋ ಜನ ಹೇಗೆ ವಾಲಬೇಕೆಂದು ತಿಳಿಯುವಷ್ಟರಲ್ಲಿ ಸಮಯ ಮುಗಿಯುತ್ತಿತ್ತು. ಎಸೆದಾಡಲು ಕೊಟ್ಟಿದ್ದ ದೊಡ್ಡ ಚೆಂಡುಗಳನ್ನು ಕೆಲವೇ ವಾರಗಳಲ್ಲಿ ಹಿಂದಕ್ಕೆ ಪಡೆದರು. 2015ರಲ್ಲಿ ಆಟವನ್ನೇ ಮುಚ್ಚಿದರು. ಮರುವರ್ಷ ಅದೇ ಜಾಗದಲ್ಲಿ, ಹಳಿಯಿಲ್ಲದೆ ತಾವೇ ಸುತ್ತಿ ಕುಣಿಯುವ ಪುಟ್ಟ ಇಟಾಲಿಯನ್ ಕಾರುಗಳು ಬಂದವು. ಜನ ಸುಮ್ಮನೆ ಕೂತರೆ ಸಾಕು. ಅದು ಓಡಿತು.

ಲೆಕ್ಕದ ಪುಸ್ತಕ

2011ರಲ್ಲಿ ಸುಮಾರು 63 ಲಕ್ಷ ಎಂದು ಅಂದಾಜಿಸಿದ್ದ ಪಾರ್ಕಿನ ಸಂದರ್ಶಕರ ಸಂಖ್ಯೆ 2012ರಲ್ಲಿ 77 ಲಕ್ಷ ದಾಟಿತು. ಕಾರ್ಸ್ ಲ್ಯಾಂಡ್ ತೆರೆದದ್ದು ಆ ವರ್ಷದ ನಡುವೆ ಎಂಬುದನ್ನು ನೆನಪಿಡಬೇಕು.

ಹಣದ ನಿಜವಾದ ದಾರಿ ಮಾತ್ರ ಟಿಕೆಟಿನಾಚೆ ಇದೆ. ಚಿತ್ರ ಜಗತ್ತಿನಾದ್ಯಂತ ಗಳಿಸಿದ್ದು ಸುಮಾರು 46 ಕೋಟಿ ಡಾಲರ್. ಮೊದಲ ಐದು ವರ್ಷಗಳಲ್ಲಿ ಅದರ ಹೆಸರಿನ ಆಟಿಕೆ, ಬಟ್ಟೆ, ಚೀಲಗಳ ಚಿಲ್ಲರೆ ಮಾರಾಟ 1,000 ಕೋಟಿ ಡಾಲರ್ ಮುಟ್ಟಿತೆಂದು ವರದಿಗಳು ಹೇಳಿದವು. ಸಿನಿಮಾ ವಿಮರ್ಶಕರು ಪಿಕ್ಸಾರ್‌ನ ಮೊದಲ ಸಾಲಿನಲ್ಲಿ ಎಂದೂ ಕೂರಿಸದ ಚಿತ್ರಕ್ಕೆ 12 ಎಕರೆ ಸಿಕ್ಕಿದ್ದು ಏಕೆಂದು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ.

ಹಿಂದೆ ಪಾರ್ಕುಗಳಲ್ಲಿ ವಿಭಾಗಗಳೆಂದರೆ ಸಾಹಸಲೋಕ, ಭವಿಷ್ಯಲೋಕ, ಗಡಿನಾಡು ಎಂಬಂಥ ದೊಡ್ಡ ಕೊಡೆಗಳು. ಅದರಡಿ ಹತ್ತು ಕಥೆ. 2010ರಲ್ಲಿ ಫ್ಲಾರಿಡಾದ ಯೂನಿವರ್ಸಲ್ ಪಾರ್ಕು ಹ್ಯಾರಿ ಪಾಟರನ ಊರು ಕಟ್ಟಿ ಗೆದ್ದ ಮೇಲೆ ಒಂದು ಕಥೆಗೆ ಒಂದು ಊರು ಎಂಬ ಲೆಕ್ಕ ಬಲವಾಯಿತು. ಹಾಂಗ್‌ಕಾಂಗ್‌ನಲ್ಲಿ 2023ರ ನವೆಂಬರ್‌ನಲ್ಲಿ ‘ಫ್ರೋಜನ್’ ಚಿತ್ರದ ಊರು, ಮರುತಿಂಗಳೇ ಶಾಂಘೈಯಲ್ಲಿ ‘ಜೂಟೋಪಿಯಾ’ದ ನಗರ ತೆರೆದವು.

ಒಂದು ಚಿತ್ರಕ್ಕೆ ಊರು ಬರೆದುಕೊಟ್ಟರೆ ಚಿತ್ರದ ಹಣೆಬರಹವೇ ಊರಿನದೂ. ಕಾರ್ಸ್ ಲ್ಯಾಂಡಿನ ನೆರೆಯಲ್ಲೇ, ‘ಎ ಬಗ್ಸ್ ಲೈಫ್’ ಎಂಬ ಪಿಕ್ಸಾರ್ ಚಿತ್ರವನ್ನು ಆಧರಿಸಿದ ಹುಳುಗಳ ಲೋಕವಿತ್ತು. ಹುಲ್ಲಿನ ಎಸಳು ಮರದೆತ್ತರ, ನಾವು ಇರುವೆ ಗಾತ್ರ. 2018ರಲ್ಲಿ ಅದಕ್ಕೆ ಕದ ಹಾಕಿದರು. ಆ ನೆಲದ ಮೇಲೆ 2021ರಿಂದ ಅವೆಂಜರ್ಸ್ ವೀರರು. ಅತ್ತ ಫ್ಲಾರಿಡಾದ ಮ್ಯಾಜಿಕ್ ಕಿಂಗ್ಡಮ್‌ನಲ್ಲಿ 2025ರ ಜುಲೈನಲ್ಲಿ, 1971ರಿಂದ ಹರಿಯುತ್ತಿದ್ದ ಕೃತಕ ನದಿಯನ್ನೂ ಅದರ ನಡುವಿನ ಟಾಮ್ ಸಾಯರ್ ದ್ವೀಪವನ್ನೂ ಮುಚ್ಚಿದರು. ಬರುವುದು ಏನು? ‘ಕಾರ್ಸ್’ ಚಿತ್ರದ್ದೇ ಇನ್ನೊಂದು ವಿಭಾಗ. ಹೊಸ ದಾರಿಗಾಗಿ ಹಳೆಯದನ್ನು ಮುಚ್ಚಿದ್ದಕ್ಕೆ ಅಲ್ಲಿನ ಹಳೆ ಅಭಿಮಾನಿಗಳು ಕಣ್ಣೀರಿಟ್ಟರು. ಸ್ಯಾಲಿ ಏನೆನ್ನುತ್ತಿದ್ದಳೋ.

ಅತ್ತ ಆಟೋಪಿಯಾ

ಕಾರ್ಸ್ ಲ್ಯಾಂಡಿನಿಂದ ಹೊರಬಂದು ಎದುರಿನ ಹಳೆ ಡಿಸ್ನಿಲ್ಯಾಂಡಿಗೆ ಹೋದರೆ, ಅಲ್ಲಿನ ‘ಟುಮಾರೋಲ್ಯಾಂಡ್’ನಲ್ಲಿ ‘ಆಟೋಪಿಯಾ’ ಎಂಬ ಆಟವಿದೆ. ಪಾರ್ಕು ತೆರೆದ ಮೊದಲ ದಿನ, 1955ರ ಜುಲೈ 17ರಿಂದ ಇದೆ. ಮಕ್ಕಳು ಪುಟ್ಟ ಕಾರುಗಳನ್ನು ತಾವೇ ಓಡಿಸುವ ಪುಟ್ಟ ಹೆದ್ದಾರಿ. ಐಸೆನ್‌ಹೋವರ್ ಸಹಿಗೆ ಇನ್ನೂ ಒಂದು ವರ್ಷ ಬಾಕಿಯಿದ್ದಾಗ, ನಾಳೆಯ ಜಗತ್ತು ಹೀಗಿರುತ್ತದೆ ಎಂದು ವಾಲ್ಟ್ ಡಿಸ್ನಿ ತೋರಿಸಿದ್ದು ಈ ಹೆದ್ದಾರಿಯನ್ನು.

ಅವರು ಅನಹೈಮ್‌ಗೆ ಬಂದದ್ದೂ ಹೆದ್ದಾರಿಯನ್ನು ನೆಚ್ಚಿಯೇ. 1953ರಲ್ಲಿ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನ ಹ್ಯಾರಿಸನ್ ಪ್ರೈಸ್ ಜನ ಎತ್ತ ಬೆಳೆಯುತ್ತಿದ್ದಾರೆ, ರಸ್ತೆ ಎತ್ತ ಬರುತ್ತಿದೆ ಎಂದು ಲೆಕ್ಕ ಹಾಕಿ, ಬರಲಿರುವ ಸಾಂಟಾ ಆನಾ ಫ್ರೀವೇ ಪಕ್ಕದ ಸುಮಾರು 160 ಎಕರೆ ಕಿತ್ತಳೆ ತೋಟಗಳತ್ತ ಬೆರಳು ತೋರಿಸಿದರು. ತೋಟ ಹೋಯಿತು, ಪಾರ್ಕು ಬಂತು, ಫ್ರೀವೇ ಇಂದು ಇಂಟರ್‌ಸ್ಟೇಟ್-5 ಎನ್ನಿಸಿಕೊಂಡಿದೆ. ಸೆಲಿಗ್‌ಮನ್ ಊರನ್ನು ಒಣಗಿಸಿದ ಹೆದ್ದಾರಿ ಜಾಲವೇ ಡಿಸ್ನಿಲ್ಯಾಂಡಿಗೆ ನೀರೆರೆಯಿತು. ಐವತ್ತೇಳು ವರ್ಷಗಳ ನಂತರ ಅದೇ ಆವರಣದಲ್ಲಿ, ಹೆದ್ದಾರಿಯಿಂದ ಸತ್ತ ಊರಿನ ನೆನಪಿಗೆ ದೀಪ ಹೊತ್ತಿತು. ಬೆಳಿಗ್ಗೆ ಆಟೋಪಿಯಾದಲ್ಲಿ ಹೆದ್ದಾರಿ ಓಡಿಸಿದ ಮಗು ಸಂಜೆ ಈ ದೀಪಕ್ಕೆ ಚಪ್ಪಾಳೆ ತಟ್ಟುತ್ತದೆ. ಎರಡೂ ಆಟ ಅದಕ್ಕೆ ಇಷ್ಟ, ಇರಲಿ.

ಅಸಲಿ ಡೇರೆ, ಒಂದು ಗಂಟೆ ದೂರ

ಪಾರ್ಕಿನಿಂದ ಈಶಾನ್ಯಕ್ಕೆ ಸುಮಾರು ಒಂದು ಗಂಟೆ ಕಾರಿನಲ್ಲಿ ಹೋದರೆ ಸ್ಯಾನ್ ಬರ್ನಾರ್ಡಿನೋ. ಅಲ್ಲಿ ಹಳೆಯ ರೂಟ್ 66ರ ಬದಿಯಲ್ಲೇ, ಫುಟ್‌ಹಿಲ್ ಬುಲೆವಾರ್ಡ್‌ನಲ್ಲಿ, 1949ರಲ್ಲಿ ಕಟ್ಟಿದ ವಿಗ್‌ವಾಮ್ ಮೋಟೆಲು ಇಂದಿಗೂ ಇದೆ. ಉಳಿದ ಮೂರರಲ್ಲಿ ಒಂದು. ಪಾಳು ಬೀಳುವುದರಲ್ಲಿದ್ದ ಅದನ್ನು 2000ದ ದಶಕದ ಆರಂಭದಲ್ಲಿ ಕೊಂಡು, ಸುಣ್ಣಬಣ್ಣ ಮಾಡಿ, ಗಿರಾಕಿಗಳನ್ನು ಮತ್ತೆ ಕರೆತಂದದ್ದು ಭಾರತೀಯ ಮೂಲದ ಒಂದು ಕುಟುಂಬ. ಅಮೆರಿಕದ ಹೆದ್ದಾರಿ ಬದಿಯ ಮೋಟೆಲುಗಳನ್ನು ಗುಜರಾತಿನಿಂದ ಹೋದವರು ಹಿಡಿದು ನಿಲ್ಲಿಸಿದ್ದು ಇನ್ನೊಂದೇ ದೊಡ್ಡ ಕಥೆ. ಇಲ್ಲಿ ಕೋನಿನೊಳಗೆ ನಿಜವಾದ ಹಾಸಿಗೆಯಿದೆ, ರಾತ್ರಿಗಿಷ್ಟು ಎಂದು ಬಾಡಿಗೆಯಿದೆ, ಗೋಡೆ ಬಾಗಿರುವುದರಿಂದ ಬೀರು ನೆಟ್ಟಗೆ ನಿಲ್ಲಿಸುವ ತಾಪತ್ರಯವೂ ಇದ್ದೀತು.

ಕಾರ್ಸ್ ಲ್ಯಾಂಡ್ ನೋಡಿ ಬಂದವರಲ್ಲಿ ಕೆಲವರು ಇಲ್ಲಿಗೂ ಬರುತ್ತಾರೆ. ಬಂದವರ ಮಕ್ಕಳು ಇದನ್ನು ಆ ಊರಿನ ನಕಲು ಎಂದುಕೊಂಡರೆ ತಪ್ಪು ಅವರದಲ್ಲ.

ರಾತ್ರಿ ಪಾರ್ಕು ಖಾಲಿಯಾಗುತ್ತದೆ. ನಿದ್ದೆ ಹೋದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಜನ ಪಾರ್ಕಿಂಗ್ ಕಟ್ಟಡದತ್ತ ನಡೆಯುತ್ತಾರೆ. ಹತ್ತು ಸಾವಿರಕ್ಕೂ ಹೆಚ್ಚು ಕಾರು ಹಿಡಿಸುವ ಆರಂತಸ್ತಿನ ಕಾಂಕ್ರೀಟು, ಐ-5ಕ್ಕೆ ಅಂಟಿಕೊಂಡಂತೆ. ಸುತ್ತಿ ಸುತ್ತಿ ಇಳಿದು, ಸಾಲಿನಲ್ಲಿ ತೆವಳಿ, ಕಾರು ಹೊರಬರುತ್ತದೆ. ಡ್ಯಾಶ್‌ಬೋರ್ಡಿನ ಫೋನು ಎಚ್ಚರವಾಗಿ, ಇನ್ನೊಂದು ದಾರಿ ಹಿಡಿದರೆ ಹತ್ತು ನಿಮಿಷ ಉಳಿಯುತ್ತದೆ ಎನ್ನುತ್ತದೆ. ಕಾರು ಆ ಕಡೆ ತಿರುಗುತ್ತದೆ.